ಎರಡೂ ಬಲಗಡೆಯೇ ಇವೆಯಂತೆ, ಕಾಯಬಹುದೇ?

ಪ್ರಶ್ನೆ (ರಾಜಾಜಿನಗರದ ತಾಯಿ): ಡಾಕ್ಟರೇ, ನಮಸ್ಕಾರ. ಮಗನಿಗೆ ಹತ್ತು ತಿಂಗಳು. ಅತ್ತಾಗಲೆಲ್ಲ ಬಲ ತೊಡೆಸಂದಿಯಲ್ಲಿ ಗಂಟು ಉಬ್ಬುತ್ತದೆ, ಮಲಗಿದರೆ ಇಳಿಯುತ್ತದೆ. ಎಡಚೀಲ ಖಾಲಿ. ಎರಡೂ ವೃಷಣ ಬಲಗಡೆಯೇ ಇವೆ ಎಂದು ಸ್ಕ್ಯಾನಿಂಗ್ ವರದಿ ಬಂದಿದೆ. ಬೆಳೆಯುತ್ತಾ ಸರಿಹೋಗುತ್ತದೆ ಎನ್ನುತ್ತಾರೆ ಅತ್ತೆ. ಕಾಯಬಹುದೇ?

ಉತ್ತರ (ಮಕ್ಕಳ ಶಸ್ತ್ರಚಿಕಿತ್ಸಕ): ಕಾಯಬೇಡಿ ತಾಯಿ. ಅತ್ತೆಯವರ ಮಾತು ಮೊದಲ ಕೆಲವು ತಿಂಗಳಿಗೆ ನಿಜ. ಆರು ತಿಂಗಳಾದ ಮೇಲೆ ವೃಷಣ ತಾನಾಗಿ ಇಳಿಯುವುದು ಅಪರೂಪ. ದಾರಿ ತಪ್ಪಿ ಆಚೆ ಬದಿಗೆ ಹೋದದ್ದಂತೂ ಹಿಂದಿರುಗುವುದಿಲ್ಲ. ಇದು ಬಹಳ ವಿರಳವಾದ ಜನ್ಮದೋಷ. ಎಷ್ಟೋ ಸಲ ಹರ್ನಿಯಾಕ್ಕೆಂದು (ನಿಮ್ಮ ಮಗನಿಗಿರುವಂತೆ ಹೊಟ್ಟೆಯೊಳಗಿನದು ತೊಡೆಸಂದಿಗೆ ಇಳಿದು ಉಬ್ಬುವುದು) ಕೊಯ್ದಾಗಲೇ ಎರಡನೆಯ ವೃಷಣ ಕಂಡು ವೈದ್ಯರೇ ಬೆಚ್ಚುತ್ತಾರೆ. ನಿಮಗೆ ಮೊದಲೇ ತಿಳಿದದ್ದು ಒಳ್ಳೆಯದಾಯಿತು.

ಆದರೆ ಸ್ಕ್ಯಾನಿಂಗನ್ನೇ ನಾನು ಪೂರ್ತಿ ನಂಬುವುದಿಲ್ಲ. ಹೊಕ್ಕುಳ ಬಳಿ ಲ್ಯಾಪರೊಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಇಳಿಸಿ ನೋಡಬೇಕು: ಎರಡಕ್ಕೂ ಬೇರೆಬೇರೆ ರಕ್ತನಾಳ, ವೀರ್ಯನಾಳಗಳಿವೆಯೇ? ನಡುವೆ ಗರ್ಭಕೋಶದಂಥ ಅಂಗಾಂಶ ಉಳಿದಿದೆಯೇ? ಭ್ರೂಣದ ವೃಷಣ ಸ್ರವಿಸುವ ಒಂದು ಹಾರ್ಮೋನು ಆ ಅಂಗಾಂಶವನ್ನು ಕರಗಿಸಬೇಕು. ಅದು ಕೆಲಸ ಮಾಡದಿದ್ದರೆ ಉಳಿಯುತ್ತದೆ. ಇದ್ದರೂ ಮಗು ಗಂಡೇ, ಹೆದರಬೇಡಿ. ವರ್ಣತಂತು ಪರೀಕ್ಷೆ ಮಾಡಿಸುತ್ತೇವೆ. ಆ ಅಂಗಾಂಶವನ್ನು ಅವಸರದಲ್ಲಿ ಕಿತ್ತುಹಾಕುವುದು ಮಾತ್ರ ತಪ್ಪು, ವೀರ್ಯನಾಳ ಅದರ ಗೋಡೆಗೆ ಅಂಟಿಕೊಂಡೇ ಸಾಗಿರುತ್ತದೆ. ನಾಳಗಳ ಉದ್ದ ಸಾಲುವಂತಿದ್ದರೆ ಚೀಲದ ನಡುಗೋಡೆಯಲ್ಲಿ ಕಿಂಡಿ ಮಾಡಿ ಒಂದನ್ನು ಎಡಕ್ಕೆ ದಾಟಿಸಿ ಹೊಲಿಯುತ್ತೇವೆ. ಹರ್ನಿಯಾ ಅದೇ ದಿನ ಮುಗಿಯುತ್ತದೆ.

ಅಷ್ಟರೊಳಗೆ ಗಂಟು ಗಟ್ಟಿಯಾಗಿ ಒಳಹೋಗದಿದ್ದರೆ ಅಥವಾ ಮಗು ಹಸಿರು ವಾಂತಿ ಮಾಡಿದರೆ, ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಓಡಿ. ಎಣ್ಣೆ ಹಚ್ಚಿ ನೀವುತ್ತಾ ಕೂರಬೇಡಿ.

ತಾಯಿ: ನಾನು ಸೋದರಮಾವನ ಮಗನನ್ನು ಮದುವೆಯಾದವಳು. ಅದಕ್ಕೇ ಹೀಗಾಯಿತೇ?

ಉತ್ತರ: ಈಗಲೇ ಹಾಗೆನ್ನಲಾಗದು. ಗರ್ಭಕೋಶದ ಅಂಗಾಂಶ ಸಿಕ್ಕರೆ ಮಾತ್ರ ಆ ಪ್ರಶ್ನೆ. ಆ ದೋಷದ ಜೀನ್ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬರಬೇಕು, ರಕ್ತಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು. ಆಗ ಅವನ ಅಣ್ಣತಮ್ಮಂದಿರನ್ನೂ ನೋಡಬೇಕು.

ಇನ್ನೊಬ್ಬ ಸದಸ್ಯ: ವೃಷಣಕ್ಕೆ ಗುಲ್ಮ (ಹೊಟ್ಟೆಯ ಎಡಭಾಗದ ಅಂಗ, ಸ್ಪ್ಲೀನ್) ಅಂಟಿಕೊಳ್ಳುವುದೂ ಉಂಟೆಂದು ಕೇಳಿದೆ. ನಿಜವೇ ಸಾರ್?

ಉತ್ತರ: ನಿಜ, ಬಹುಪಾಲು ಎಡಗಡೆ. ಭ್ರೂಣದಲ್ಲಿ ಅವೆರಡೂ ನೆರೆಹೊರೆಯವು. ಗಡ್ಡೆಯೆಂದು ಭ್ರಮಿಸಿ ಆರೋಗ್ಯವಾದ ವೃಷಣವನ್ನೇ ತೆಗೆದುಬಿಟ್ಟ ಪ್ರಸಂಗಗಳಿವೆ. ಅನುಮಾನ ಬಂದರೆ ಮಗು ಮೇಜಿನ ಮೇಲಿರುವಾಗಲೇ ಚೂರೊಂದನ್ನು ರೋಗಶಾಸ್ತ್ರ ವಿಭಾಗಕ್ಕೆ ಕಳಿಸಿ ಉತ್ತರಕ್ಕೆ ಕಾಯಬೇಕು.

ರಾಜಾಜಿನಗರದ ತಾಯಿ, ಬರುವಾಗ ವರದಿಯ ಜೊತೆ ಸ್ಕ್ಯಾನಿಂಗ್ ಚಿತ್ರಗಳನ್ನೂ ತನ್ನಿ.