ವೈಕಿಂಗ್ ದಾಳಿಯಲ್ಲಿ ವೆಸೆಕ್ಸ್ ಮಾತ್ರ ಉಳಿದದ್ದು ಹೇಗೆ?

ಪ್ರಶ್ನೆ: ಮಾನ್ಯರೇ, 865ರಲ್ಲಿ ಡೇನರ (ವೈಕಿಂಗರ) ದೊಡ್ಡ ದಂಡು ಬಂದಿಳಿದಾಗ ಇಂಗ್ಲೆಂಡಿನಲ್ಲಿ ನಾರ್ಥಂಬ್ರಿಯಾ, ಮರ್ಸಿಯಾ, ಈಸ್ಟ್ ಆಂಗ್ಲಿಯಾ, ವೆಸೆಕ್ಸ್ ಎಂಬ ನಾಲ್ಕು ರಾಜ್ಯಗಳಿದ್ದವು. ಅವುಗಳಲ್ಲಿ ವೆಸೆಕ್ಸ್ ಒಂದೇ ಉಳಿದದ್ದಕ್ಕೆ ಅದರ ರಾಜ ಆಲ್ಫ್ರೆಡ್‌ನ ಶೌರ್ಯವೇ ಕಾರಣವೇ?

ಉತ್ತರ: ಶೌರ್ಯವಿತ್ತು, ಆದರೆ ಅದೊಂದೇ ಸಾಲುತ್ತಿರಲಿಲ್ಲ. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ದೋಚಿದವರು ಬಂದಂತೆಯೇ ಹಡಗು ಹತ್ತಿದ್ದರು. 865ರವರು ಚಳಿಗಾಲವನ್ನೂ ಇಲ್ಲಿಯೇ ಕಳೆದರು. ಈಸ್ಟ್ ಆಂಗ್ಲಿಯಾ ಕುದುರೆಗಳನ್ನು ಕೊಟ್ಟು ಅವರೊಡನೆ ಸಂಧಿ ಮಾಡಿಕೊಂಡಿತು; ಆ ಕುದುರೆಗಳನ್ನೇರಿಯೇ ದಂಡು ಯಾರ್ಕ್ ತಲುಪಿತು. ಅಲ್ಲಿ ಸಿಂಹಾಸನಕ್ಕಾಗಿ ತಮ್ಮೊಳಗೇ ಕಾದಾಡುತ್ತಿದ್ದ ಇಬ್ಬರು ರಾಜರು ತಡವಾಗಿ ಒಂದಾದರು, ಮತ್ತು 867ರಲ್ಲಿ ಇಬ್ಬರೂ ಸತ್ತರು. 869ರಲ್ಲಿ, ಕುದುರೆ ಕೊಟ್ಟಿದ್ದ ಈಸ್ಟ್ ಆಂಗ್ಲಿಯಾದ ರಾಜ ಎಡ್ಮಂಡನ ಸರದಿ ಬಂತು. ಮರ್ಸಿಯಾದ ಬರ್ಗ್ರೆಡ್ ರಾಜ್ಯ ಬಿಟ್ಟು ರೋಮಿಗೆ ಹೋದನು. 871ರಲ್ಲಿ ಆಲ್ಫ್ರೆಡ್‌ನೂ ಹಣ ತೆತ್ತೇ ಸಂಧಿ ಮಾಡಿಕೊಂಡನೆಂಬುದನ್ನು ಅವನ ಅಭಿಮಾನಿಗಳು ಸಾಮಾನ್ಯವಾಗಿ ನೆನೆಯುವುದಿಲ್ಲ.

878ರಲ್ಲಿ ಎಡಿಂಗ್ಟನ್‌ನಲ್ಲಿ ಆಲ್ಫ್ರೆಡ್ ಡೇನರ ಮೇಲೆ ಪಡೆದ ಗೆಲುವಿಗಿಂತ ಅದರ ನಂತರದ ಲೆಕ್ಕಾಚಾರ ನನಗೆ ಮುಖ್ಯವೆನಿಸುತ್ತದೆ. ವೆಸೆಕ್ಸಿನ ರಕ್ಷಣೆಗಿದ್ದ ಸುಮಾರು ಮೂವತ್ತು ಕೋಟೆಪಟ್ಟಣಗಳ ಒಂದು ಪಟ್ಟಿ ಉಳಿದಿದೆ. ಹೈಡ್ ಎಂಬ ಭೂಘಟಕಕ್ಕೆ ಒಬ್ಬ ಆಳು, ಗೋಡೆಯ ಪ್ರತಿ ಐದು ಮೀಟರಿಗೆ ನಾಲ್ವರು ಆಳುಗಳು ಎಂಬುದು ಅದರ ನಿಯಮ. ವಿಂಚೆಸ್ಟರಿಗೆ ನಿಗದಿಯಾದ 2,400 ಹೈಡುಗಳನ್ನು ಹೀಗೆ ಗುಣಿಸಿದರೆ ಬರುವ ಸುಮಾರು ಮೂರು ಕಿಲೋಮೀಟರ್ ಉದ್ದ, ಅಲ್ಲಿನ ರೋಮನ್ ಗೋಡೆಯ ಅಳತೆಗೆ ಬಹುತೇಕ ಸರಿಹೊಂದುತ್ತದೆ. ಕಾಗದದ ಮೇಲಿನ ಆದೇಶವೊಂದು ನೆಲದ ಮೇಲಿನ ಕಲ್ಲಿಗೆ ಇಷ್ಟು ಹತ್ತಿರವಾಗುವುದು ಆ ಕಾಲಕ್ಕೆ ಅಪರೂಪ. ಕಾಗದವೆಂದದ್ದು ರೂಢಿಯ ಮಾತು, ಅವರು ಬರೆಯುತ್ತಿದ್ದುದು ಚರ್ಮದ ಮೇಲೆ.

ಮರುಪ್ರಶ್ನೆ: ಸರ್, ಬರ್ಗ್ರೆಡ್‌ನ ನಂತರ ಮರ್ಸಿಯಾವನ್ನಾಳಿದ ಚೆವೊಲ್ವುಲ್ಫ್ ಡೇನರ ಕೈಗೊಂಬೆಯಾಗಿದ್ದನಲ್ಲವೇ?

ಉತ್ತರ: ಅವನನ್ನು ಅವಿವೇಕಿಯೆಂದು ಕರೆದಿರುವ ವೃತ್ತಾಂತವು ಆಲ್ಫ್ರೆಡ್‌ನ ಆಳ್ವಿಕೆಯಲ್ಲಿ, ವೆಸೆಕ್ಸಿನವರ ದೃಷ್ಟಿಯಿಂದ ಸಂಕಲಿತವಾದದ್ದು. 2015ರಲ್ಲಿ ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಬಳಿ ಸಿಕ್ಕ ನಿಧಿಯಲ್ಲಿ ಬೇರೆಯೇ ಚಿತ್ರವಿದೆ: ಆಲ್ಫ್ರೆಡ್ ಮತ್ತು ಚೆವೊಲ್ವುಲ್ಫ್ ಇಬ್ಬರ ಹೆಸರಿನಲ್ಲಿಯೂ ಟಂಕಿಸಿದ, ಒಂದೇ ಮಾದರಿಯ ಬೆಳ್ಳಿ ನಾಣ್ಯಗಳು. ಅವುಗಳ ಹಿಂಬದಿಯಲ್ಲಿ ಇಬ್ಬರು ಸಾಮ್ರಾಟರು ಅಕ್ಕಪಕ್ಕ ಕುಳಿತಿದ್ದಾರೆ. ಹೀಗೆ ಹಣವನ್ನು ಹೊಂದಿಸಿಕೊಂಡು ನಡೆದವನನ್ನು ಕೈಗೊಂಬೆ ಎನ್ನುವುದಕ್ಕಿಂತ ಆಲ್ಫ್ರೆಡ್‌ನ ಮಿತ್ರನೆನ್ನುವುದೇ ಸರಿ. ಅವನ ನಂತರ ಪಶ್ಚಿಮ ಮರ್ಸಿಯಾ ಆಲ್ಫ್ರೆಡ್‌ನ ಅಧೀನಕ್ಕೆ ಬಂದಿತು. ಆಗ ಹಳೆಯ ಮೈತ್ರಿಯನ್ನು ನೆನೆಯುವ ಅಗತ್ಯ ವೆಸೆಕ್ಸಿನ ಬರಹಗಾರರಿಗೆ ಉಳಿದಿರಲಿಲ್ಲ.