'ಪ್ರೂಡ್' ಅನ್ನೋದಕ್ಕೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡ ಫ್ರೆಂಚ್ ನಾಟಕಕಾರ ಮೋಲಿಯೇರನ 'ಲ ಮಿಸಾಂತ್ರೋಪ್' (1666) ನಾಟಕ ಆಡುತ್ತಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ಕರಪತ್ರ ಸಂಜೆ ಪ್ರೆಸ್ಸಿಗೆ ಹೋಗಬೇಕು. ಆರ್ಸಿನೋಯೆ ಅನ್ನುವ ಪಾತ್ರವನ್ನು ಒಂದೇ ಪದದಲ್ಲಿ ಪರಿಚಯಿಸಬೇಕು, ಇಂಗ್ಲಿಷಿನಲ್ಲಿ 'ಪ್ರೂಡ್'. 'ನಾಚಿಕೆ ಸ್ವಭಾವದವಳು' ಅಂತ ಬರೆದಿದ್ದೆ. ನಿರ್ದೇಶಕರು ಹೊಡೆದು ಹಾಕಿದರು. ಅವಳು ನಾಚುವವಳಲ್ಲ, ಬೇರೆಯವರಿಗೆ ನಾಚಿಕೆ ಇಲ್ಲ ಅಂತ ಊರಿಗೆಲ್ಲ ಸಾರುವವಳು. ಮೂರನೇ ಅಂಕದಲ್ಲಿ ಎದುರಾಳಿ ಹೆಂಗಸು ಅವಳನ್ನು ಚುಚ್ಚುತ್ತಾಳೆ: ಚಿತ್ರದಲ್ಲಿರುವ ಬೆತ್ತಲೆಗೆ ಬಟ್ಟೆ ಹೊದಿಸುತ್ತಾಳೆ, ನಿಜದ್ದು ಮಾತ್ರ ಅವಳಿಗೆ ಇಷ್ಟ, ಅಂತ.

ಮೈಸೂರಿನಿಂದ:
ಮಡಿವಂತೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಕೇಳಿದವರು:
ಅದನ್ನೂ ಹಾಕಿ ನೋಡಿದೆ ಸರ್. ಆ ಪಾತ್ರ ಮಾಡುವವರು 'ಹಾಗಾದ್ರೆ ಒದ್ದೆ ಸೀರೆ ಉಟ್ಕೊಂಡು ಬರಬೇಕಾ?' ಅಂತ ಕೇಳಿದರು.

ಶಿವಮೊಗ್ಗದಿಂದ:
ದಯವಿಟ್ಟು ಮಡಿಯನ್ನು ಕೊಳೆ ಮಾಡಬೇಡಿ. ಮಡಿ ಅಂದರೆ ಒಗೆದ ಬಟ್ಟೆ. ಮಡಿವಾಳ ಬಂದದ್ದು ಅಲ್ಲಿಂದ. 12ನೇ ಶತಮಾನದ ಶರಣ ಮಡಿವಾಳ ಮಾಚಯ್ಯನ ಹೆಸರಿನಲ್ಲಿ ಇರುವುದು ದುಡಿಮೆ, ಸೋಗಲ್ಲ. ಅಂಥ ಅಚ್ಚಗನ್ನಡ ಪದಕ್ಕೆ 'ವಂತ' ಅನ್ನುವ ಸಂಸ್ಕೃತದ ಬಾಲ ಅಂಟಿಸಿದ್ದೇ ಮೊದಲ ತಪ್ಪು. ನಾಣ್ + ಕಳ್ಳಿ, 'ನಾಣ್ಗಳ್ಳಿ' ಅನ್ನಿ.

ಧಾರವಾಡದಿಂದ:
ಮೈಗಳ್ಳ ಅಂದರೆ ಮೈ ಬಗ್ಗಿಸದವನು. ನಾಣ್ಗಳ್ಳಿ ಅಂದರೆ ನಾಚಿಕೆ ಬಿಟ್ಟವಳು ಅಂತಾಗುತ್ತದೆ ರೀ. ಪೂರ್ತಿ ಉಲ್ಟಾ.

ಮಂಗಳೂರಿನಿಂದ:
ಮೂಲ ಪದ 'ಪ್ರೂಡೆಂಟ್' ಅಲ್ವಾ? 'ಜಾಣೆ' ಆಗಬಹುದೇನೋ.

ಧಾರವಾಡದಿಂದ:
ಅಲ್ಲ. ಅದರ ಬೇರೇ ಬೇರೆ.
ಹಳೆಯ ಫ್ರೆಂಚಿನಲ್ಲಿ 'ಪ್ರುದ್‌ಫಾಮ್' ಅಂದರೆ ಒಳ್ಳೆಯ, ಮರ್ಯಾದಸ್ಥ ಹೆಂಗಸು. 'ಪ್ರೂಡ್' ಅದರ ತುಂಡು ಅಂತ ನಿಘಂಟುಗಳು ಹೇಳುತ್ತವೆ. ಗಂಡಸಿಗೆ 'ಪ್ರುದೋಮ್'. ಮಜಾ ನೋಡಿ, ಫ್ರಾನ್ಸಿನ ಕಾರ್ಮಿಕ ನ್ಯಾಯಾಲಯಕ್ಕೆ ಇವತ್ತಿಗೂ ಈ ಪ್ರುದೋಮನದೇ ಹೆಸರು. ಅಂಥ ಮೊದಲನೆಯದನ್ನು 1806ರಲ್ಲಿ ಲಿಯೋನ್ ಊರಿಗೆ ಕೊಟ್ಟವನು ನೆಪೋಲಿಯನ್. ಗಂಡಸಿನ ಪದ ನ್ಯಾಯಪೀಠ ಹತ್ತಿತು, ಹೆಂಗಸಿನದು ಬೈಗುಳ ಆಯಿತು.
ನಮ್ಮಲ್ಲೂ ಅಷ್ಟೇ. 'ಗರತಿ' ಅಂದರೆ ಮರ್ಯಾದೆ. ನಲ್ಲಿ ಹತ್ತಿರ ಕೊಡ ಇಟ್ಟು 'ಓಹೋ, ದೊಡ್ಡ ಗರತಿ ಬಂದಳು' ಅಂದು ನೋಡಿ, ನೀರು ಬರುವ ಮೊದಲೇ ಜಗಳ ಬರುತ್ತದೆ. ಆರ್ಸಿನೋಯೆ ಅಂದರೆ ಅದೇ ದೊಡ್ಡ ಗರತಿ. ಒಂದೇ ಪದ ಬೇಕಾದರೆ 'ಮಹಾಗರತಿ'.

ಶಿವಮೊಗ್ಗದಿಂದ:
ಗರತಿ ಗೃಹಸ್ಥೆಯ ತದ್ಭವ. 'ಮಹಾ' ತತ್ಸಮ. ಎರಡೂ ಎರವಲು. ಕನ್ನಡ ಎಲ್ಲಿದೆ ಇದರಲ್ಲಿ?

ಧಾರವಾಡದಿಂದ:
ನಿಮ್ಮ ಟಪಾಲಿನಲ್ಲಿರುವ ಶತಮಾನ, ಶರಣ ಎಲ್ಲಿಂದ ಬಂದವು? ಅವೇನು ಶರಾವತಿ ದಡದಲ್ಲಿ ಬೆಳೆದವಾ?

ಬೆಂಗಳೂರಿನಿಂದ:
ಸುಮ್ನೆ 'ಪ್ರೂಡ್' ಅಂತಲೇ ಬಿಡಿ. ಇಂಗ್ಲಿಷರೂ 18ನೇ ಶತಮಾನದ ಶುರುವಿನಲ್ಲಿ ಫ್ರೆಂಚಿನಿಂದ ಇದ್ದ ಹಾಗೇ ಎತ್ತಿಕೊಂಡರು. ರಸ್ತೆ ಪಾರಸಿಯದು, ಮೇಜು ಪೋರ್ಚುಗೀಸಿನದು. ನಾವೇನು ರಸ್ತೆ ಬಿಟ್ಟು ನಡೀತೀವಾ?

ಶಿವಮೊಗ್ಗದಿಂದ:
ದಾರಿ ಅನ್ನುವ ಪದ ಇದೆ. ನಾನು ಅದರಲ್ಲೇ ನಡೆಯುತ್ತೇನೆ.

ಮೈಸೂರಿನಿಂದ:
ಮಡಿವಂತೆ ಅಂತ ನಾನು ಮೊದಲೇ ಹೇಳಿದ್ದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. 'ಮಹಾಗರತಿ' ಅಂತ ಹಾಕಿ ಕಳಿಸಿದೆ. ಪ್ರೆಸ್ಸಿನವರು ಫೋನ್ ಮಾಡಿ, 'ಇದು ಹೊಗಳಿಕೆನೋ ಬೈಗುಳನೋ? ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಲಾ?' ಅಂತ ಕೇಳಿದರು. ಬೇಡ ಅಂದೆ.

ಶಿವಮೊಗ್ಗದಿಂದ:
'ಬೆರಗುಗುರುತು' ಅನ್ನಬಹುದಿತ್ತು.