ಕೆಟ್ಟಿದ್ದು ಗಾಣದಲ್ಲಲ್ಲ, ಚೀಲದಲ್ಲಿ

ಅಕ್ಕ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ. ಮನೆಯ ಶೇಂಗಾದಿಂದ ಆಡಿಸಿದ ಎಣ್ಣೆ ಗಂಟಲು ಕೆರೆಯುತ್ತದೆ, ಬಾಣಲೆಗೆ ಹಾಕಿದ ಕೂಡಲೇ ಹೊಗೆ ಏಳುತ್ತದೆ, ಗಾಣದವನು ಏನೋ ಬೆರೆಸಿದ್ದಾನೆ ಅಂದಿರಿ. ಪಾಪ, ಅವನನ್ನು ಸುಮ್ನೆ ಬೈಯಬೇಡಿ. ದೀಪಾವಳಿ ಹೊತ್ತಿಗೆ ಕಿತ್ತ ಕಾಯಿಯನ್ನು ಆಗಲೇ ಮಿಷನ್‌ಗೆ ಹಾಕಿ ಕಾಳು ಮಾಡಿಸಿ, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಶೀಟಿನ ಮನೆಯಲ್ಲಿ ಮೇ ತನಕ ಇಟ್ಟಿದ್ದೆವು ಅಂತ ನೀವೇ ಹೇಳಿದ್ದೀರಲ್ವಾ?

ಮಿಷನ್‌ನಲ್ಲಿ ಒಂದಷ್ಟು ಕಾಳು ಒಡೆಯುತ್ತದೆ, ಕೆಂಪು ಹೊಟ್ಟು ತರಚುತ್ತದೆ. ಒಳಗಿನ ಎಣ್ಣೆಗೆ ಗಾಳಿ ತಾಗುತ್ತದೆ, ಶೀಟಿನ ಕಾವಿಗೆ ಬೇಗ ಕಮಟುತ್ತದೆ. ಕಾಳಿನ ತೇವ ನೂರಕ್ಕೆ 7–8 ದಾಟಿದರೆ ಇನ್ನೂ ಕಷ್ಟ. ಕಾಳಿನಲ್ಲೇ ಇರುವ ಲೈಪೇಸ್ ಅನ್ನುವ ಕಿಣ್ವ ಕೊಬ್ಬನ್ನು ಒಡೆದು ಹುಳಿ ಅಂಶ ಬಿಡಿಸುತ್ತದೆ. ನಿಮ್ಮ ಗಂಟಲು ಕೆರೆತ, ಹೊಗೆ ಎರಡೂ ಅದರದ್ದೇ ಇರಬೇಕು. ಆಮೇಲೆ ಎಷ್ಟು ಬಿಸಿಲಿಗೆ ಹಾಕಿದರೂ ಅದು ಹೋಗಲ್ಲ.

ಫ್ಯಾಕ್ಟರಿಯಲ್ಲಾದರೆ ಕ್ಷಾರದಲ್ಲಿ ತೊಳೆದು, ಬಣ್ಣ ವಾಸನೆ ತೆಗೆದು ಎಲ್ಲಾ ಮುಚ್ಚಿಹಾಕುತ್ತಾರೆ. ಗಾಣಕ್ಕೆ ಆ ಜಾಣತನ ಇಲ್ಲ, ಕೊಟ್ಟಿದ್ದನ್ನೇ ಹಿಂಡಿ ಕೊಡುತ್ತದೆ.

ನನಗೆ ಜಾಸ್ತಿ ಭಯ ಬೂಷ್ಟಿನದು. ಉಳಿದ ಚೀಲದಿಂದ ಒಂದು ಹಿಡಿ ಕಾಳು ತೆಗೆದು, ಬೇಳೆ ಬಿಡಿಸಿ ನೋಡಿ. ಹೊರಗೆ ಚೆಂದ ಇದ್ದರೂ ನಡುವಿನ ಸೀಳಿನಲ್ಲಿ ಹಸಿರು-ಹಳದಿ ಪುಡಿ ಇದ್ದರೆ ಮುಗೀತು. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಿದ್ದು ಇಂಥ ಶೇಂಗಾ ಹಿಂಡಿ ತಿಂದೇ. ಕರಿದರೂ ಹುರಿದರೂ ಅದು ಪೂರ್ತಿ ಸಾಯಲ್ಲ. ಸೋಸದ ಎಣ್ಣೆಯ ಗಸಿಯಲ್ಲೂ ಸ್ವಲ್ಪ ಬರುತ್ತದೆ.

ಮುಂದಿನ ಸಲ ಕಾಯಿಯನ್ನೇ ಇಡಿ. ಕಿವಿ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಕಾಳು ಕಚ್ಚಿದರೆ ಪಟ್ ಅಂತ ಮುರಿಯಬೇಕು. ಅಲ್ಲಿವರೆಗೆ ಒಣಗಿಸಿ, ಗೋಣಿಚೀಲಕ್ಕೆ ತುಂಬಿ, ಹಲಗೆ ಮೇಲೆ, ಗೋಡೆಗೆ ತಾಗದ ಹಾಗೆ. ಗಾಣಕ್ಕೆ ಹೋಗುವ ವಾರ ಸುಲಿದು, ಮುರುಟಿದ, ಕಪ್ಪಾದ ಕಾಳು ಆರಿಸಿ ಬಿಸಾಡಿ. ನಾಲ್ಕು ಕೆಜಿ ಕಮ್ಮಿ ಆದರೂ ಪರವಾಗಿಲ್ಲ.

ಈ ಎಣ್ಣೆ ದೀಪಕ್ಕಿರಲಿ. ಅದಿರಲಿ, ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ, ಹಸು ತಿಂದರೆ ಅದರಲ್ಲಿ ಸ್ವಲ್ಪ ಹಾಲಿಗೂ ಇಳಿಯುತ್ತದೆ. ಆ ಹಿಂಡಿಯನ್ನು ಹಸುವಿಗೆ ಇನ್ನೂ ಹಾಕಿಲ್ಲ ತಾನೆ?